ಕುರ್ಚಿಗೆ ಆರ್‌ಎಫ್‌ಐಡಿ ಟ್ಯಾಗ್: ಎಣಿಕೆ ಯಾಕೆ ಕಡಿಮೆ ಬರ್ತದೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದು ಶಾಮಿಯಾನ, ಪಾತ್ರೆ ಬಾಡಿಗೆಯ ಅಂಗಡಿ. 1,200 ಪ್ಲಾಸ್ಟಿಕ್ ಕುರ್ಚಿ ಉಂಟು. ಮದುವೆ ಮನೆಯಲ್ಲಿ ಬೇರೆಯವರ ಕುರ್ಚಿಯೊಟ್ಟಿಗೆ ಬೆರಕೆ ಆಗ್ತದೆ ಎಂದು ರೇಡಿಯೊ ಅಲೆಯಿಂದ ದೂರದಿಂದಲೇ ನಂಬರ್ ಓದಿಸುವ ಆರ್‌ಎಫ್‌ಐಡಿ ಟ್ಯಾಗ್ (ಯುಎಚ್‌ಎಫ್ ಸ್ಟಿಕ್ಕರ್) ಅಂಟಿಸಿದೆವು. ಕೈ ರೀಡರ್ ಹಿಡಿದರೆ 25ರ ಅಟ್ಟಿಯಲ್ಲಿ 14–15 ಮಾತ್ರ ಬರ್ತದೆ. ಸ್ಟೀಲ್ ಮೇಜು, ಬಡಿಸುವ ಬಾಲ್ದಿ ಒಂದೂ ಬರುವುದಿಲ್ಲ. ಹಾಳಾದದ್ದು ಟ್ಯಾಗಾ, ರೀಡರಾ?

ಉತ್ತರ: ಅಂಟಿಸಿದ ಜಾಗ ನೋಡಿ ಸರ್. ಈ ಟ್ಯಾಗಿಗೆ ಬ್ಯಾಟರಿ ಇಲ್ಲ, ರೀಡರಿನ ಅಲೆಯಿಂದಲೇ ಅದು ಎಚ್ಚರ ಆಗಬೇಕು. ಎಲ್ಲ ಕುರ್ಚಿಗೂ ಬೆನ್ನಿನ ಮಧ್ಯಕ್ಕೇ ಅಂಟಿಸಿದರೆ ಅಟ್ಟಿಯಲ್ಲಿ ಒಂದರ ಹಿಂದೆ ಒಂದು ಬಂದು ಪರಸ್ಪರ ಕೆಡಿಸ್ತವೆ. ಸೀಟಿನ ಅಡಿಗೆ ಎಡ, ಬಲ, ಹಿಂದೆ ಎಂದು ಜಾಗ ಬದಲಿಸಿ ಹಾಕಿ. ಅಟ್ಟಿಯ ಎರಡು ಬದಿಯಿಂದ, ಒಂದು ಮೀಟರ್ ದೂರದಲ್ಲಿ, ರೀಡರನ್ನು ನಿಧಾನ ಮೇಲೆ ಕೆಳಗೆ ಆಡಿಸಿ. ಪಾಲಿಪ್ರೊಪಿಲೀನ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸ್ಪಿರಿಟಿನಲ್ಲಿ ಒರೆಸಿ ಅಂಟಿಸಿ, ಇಲ್ಲ ತೂತಿರುವ ಗಟ್ಟಿ ಟ್ಯಾಗ್ ತಂದು ರಿವೆಟ್ ಹೊಡೆಯಿರಿ.

ಲೋಹದ ಮೇಲೆ ಸ್ಟಿಕ್ಕರ್ ಎಂದರೆ ಫಾಸ್ಟ್ಯಾಗನ್ನು ಗಾಜು ಬಿಟ್ಟು ಬಾನೆಟ್ಟಿಗೆ ಅಂಟಿಸಿದ ಹಾಗೆ. ಮೇಜಿಗೆ ಲೋಹಕ್ಕೆಂದೇ ಮಾಡಿದ ದಪ್ಪ ಟ್ಯಾಗ್ ಬೇಕು. ಬಾಲ್ದಿಯ ಆಸೆ ಬಿಡಿ: ಒಂದರೊಳಗೊಂದು ಇಟ್ಟರೆ ಒಳಗಿನದ್ದಕ್ಕೆ ಅಲೆ ಮುಟ್ಟುವುದಿಲ್ಲ. ಒಲೆ ಮೇಲಿಡುವ ಪಾತ್ರೆಗೂ ಬೇಡ, ಸಾಮಾನ್ಯ ಟ್ಯಾಗಿನ ತಾಳಿಕೆ ಸುಮಾರು 85 ಡಿಗ್ರಿ ಸೆಲ್ಸಿಯಸ್. ಅವಕ್ಕೆಲ್ಲ ನಂಬರ್ ಕೊರೆಸಿ.

ಇನ್ನೊಬ್ಬರು: ಒಂದೆರಡು ಟ್ಯಾಗನ್ನು ಬೇರೆ ಬೇರೆಯಾಗಿ ಓದಿಸಿ ನೋಡಿದ್ದೀರಾ? ಅಗ್ಗದ ರೋಲಿನಲ್ಲಿ ಕೆಲವೊಮ್ಮೆ ಎಲ್ಲಕ್ಕೂ ಒಂದೇ ಇಪಿಸಿ ನಂಬರ್ (ಟ್ಯಾಗಿನೊಳಗೆ ಬರೆದ ಗುರುತಿನ ನಂಬರ್) ಇರ್ತದೆ. ಆಗ ಹತ್ತು ಕುರ್ಚಿಯೂ ಒಂದೇ ಎಂದು ಲೆಕ್ಕ. ನಿಮ್ಮದೇ ನಂಬರ್ ಬರೆದು ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ. ರೀಡರ್ ನಮ್ಮ ದೇಶದ 865–868 ಮೆಗಾಹರ್ಟ್ಸ್‌ನಲ್ಲಿ ಉಂಟಾ ಎಂದೂ ನೋಡಿ. ಹೊರಗಿನಿಂದ ತರಿಸಿದ್ದು ಕೆಲವೊಮ್ಮೆ ಅಮೆರಿಕದ 902–928ಕ್ಕೆ ಕೂತಿರ್ತದೆ, ಇಲ್ಲಿ ಅದನ್ನು ಬಳಸುವ ಹಾಗಿಲ್ಲ.

ಪ್ರಶ್ನೆ: ಕುರ್ಚಿ ಯಾವ ಮನೆಯಲ್ಲಿ ಉಳಿದಿದೆ ಎಂದು ಫೋನಲ್ಲಿ ಕಾಣ್ತದಾ?

ಉತ್ತರ: ಇಲ್ಲ ಮಾರಾಯ್ರೆ, ಅದು ಜಿಪಿಎಸ್ ಅಲ್ಲ. ಕೊನೆಗೆ ಓದಿದ ಜಾಗ, ಹೊತ್ತು ಮಾತ್ರ ಸಿಗ್ತದೆ. ಪಿಕಪ್‌ಗೆ ತುಂಬುವಾಗ ಬಿಲ್ ನಂಬರ್ ಹಾಕಿ ಓದಿಸಿ, ಇಳಿಸುವಾಗ ಅದೇ ಬಿಲ್ಲಿಗೆ ಮತ್ತೆ ಓದಿಸಿ. ಬಾರದ ನಂಬರಿನ ಪಟ್ಟಿ ಅಲ್ಲೇ ಬರ್ತದೆ, ಬಿಲ್ ನೋಡಿದರೆ ಮನೆಯೂ ಗೊತ್ತಾಗ್ತದೆ. ಗೋಡೌನ್ ಅಟ್ಟಿಯಿಂದ ಸ್ವಲ್ಪ ದೂರ ನಿಂತು, ಪವರ್ ತಗ್ಗಿಸಿ ಓದಿಸಿ. ಇಲ್ಲದಿದ್ದರೆ ಒಳಗಿದ್ದ ಕುರ್ಚಿಯೂ ಬಿಲ್ಲಿಗೆ ಸೇರ್ತದೆ. ನೆನೆದ ಕುರ್ಚಿಯನ್ನು ಒರೆಸದೆ ಎಣಿಸಬೇಡಿ, ನೀರು ಅಲೆಯನ್ನು ಕುಡಿದುಬಿಡ್ತದೆ.

ಪ್ರಶ್ನೆ ಕೇಳಿದವರು: ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಹೊತ್ತು) ಹೇಗೂ ಮದುವೆ ಇಲ್ಲ. ಆಗ ಎಲ್ಲ ಕಿತ್ತು ಸೀಟಿನ ಅಡಿಗೆ ಹಾಕ್ತೇವೆ.