ವಿದುರಾಶ್ವತ್ಥದ ಉಪನ್ಯಾಸ: ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

(ಗೌರಿಬಿದನೂರು ತಾಲ್ಲೂಕಿನ ನಮ್ಮೂರ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ನಡೆಯಲಿರುವ ಸ್ಥಳೀಯ ಇತಿಹಾಸ ಉಪನ್ಯಾಸದ ಆಹ್ವಾನ ಪತ್ರಿಕೆಯನ್ನು ನಾನು ಗುಂಪಿಗೆ ಹಾಕಿದ ಮೇಲೆ ಬಂದ ಸಂದೇಶಗಳು.)

ದೊಡ್ಡಪ್ಪ: ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರ ಗೋಲಿಬಾರು ನಡೆದದ್ದು 1938ರ ಏಪ್ರಿಲ್ 25ರಂದು. ಆಮೇಲೆ ಕಾಂಗ್ರೆಸ್ ನಾಯಕರಾದ ಸರ್ದಾರ್ ಪಟೇಲರು ಮತ್ತು ಕೃಪಲಾನಿಯವರು ಬಂದು ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು, ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆ ದೊರೆಯಿತು. ಇಷ್ಟು ಎಲ್ಲರಿಗೂ ಗೊತ್ತಿರುವಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರನ್ನು ಇರುವ ಒಂದೇ ಕೋಣೆಯಿಂದ ಎಬ್ಬಿಸಿ ಉಪನ್ಯಾಸ ಮಾಡಿಸುವುದು ನನಗೆ ಸರಿಯೆನಿಸುವುದಿಲ್ಲ. ವಿದುರಾಶ್ವತ್ಥದಲ್ಲಿ ಸ್ಮಾರಕವಿದೆ, ಅಲ್ಲಿಯೇ ಮಾಡಲಿ.

ನಾನು: ಹುಡುಗರ ವಿಚಾರ ನ್ಯಾಯವಾದದ್ದು ದೊಡ್ಡಪ್ಪ, ಉಪನ್ಯಾಸವನ್ನು ಸಂಜೆಗೆ ಇಡುವಂತೆ ಕೇಳೋಣ. ಆದರೆ ಸ್ಮಾರಕದ ಮುಂದೆ ನಡೆಯುವುದು ಭಾಷಣ. ಹಾರ ಹಾಕಿ, ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ, ಪ್ರಶ್ನೆ ಕೇಳುವ ಪದ್ಧತಿ ಅಲ್ಲಿಲ್ಲ. ಸತ್ತವರು 10 ಮಂದಿ ಎಂಬುದು ಅಂದಿನ ಸರ್ಕಾರದ ಲೆಕ್ಕ, ನಮ್ಮ ಸೀಮೆಯವರ ಬಾಯಲ್ಲಿರುವುದು 32. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೂ ನೇಮಕವಾಗಿತ್ತು. ಇಷ್ಟಿದ್ದೂ, ಇವೆರಡು ಸಂಖ್ಯೆಗಳ ನಡುವಿನ ಅಂತರ ಹೇಗೆ ಬಂತೆಂದು ಯಾವ ವೇದಿಕೆಯ ಮೇಲೂ ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ಅತ್ತೆ: ಬಿಡಿಸಿ ಹೇಳುವುದೆಂದರೆ ನಮ್ಮ ಹಿರಿಯರು ಸುಳ್ಳು ಹೇಳಿದರು ಎನ್ನುವುದೇನಮ್ಮ? ಗಾಯಗೊಂಡವರನ್ನು ಮೊಕದ್ದಮೆಗೆ ಹೆದರಿ ಆಸ್ಪತ್ರೆಗೆ ಸೇರಿಸದೆ ಊರಿಗೇ ಹೊತ್ತೊಯ್ದಿದ್ದರೆ, ಆಮೇಲೆ ಮನೆಯಲ್ಲಿ ಸತ್ತವರ ಹೆಸರು ಸರ್ಕಾರದ ಪಟ್ಟಿಗೆ ಸೇರುವುದಾದರೂ ಹೇಗೆ? ಹಿಂದೂಪುರದ ಕಡೆ ಆಗ ಮದ್ರಾಸ್ ಪ್ರಾಂತ್ಯ; ಆ ಕಡೆಯವರು ಗುಂಪಿನಲ್ಲಿದ್ದಿದ್ದರೆ ಅವರನ್ನು ಮೈಸೂರು ಸರ್ಕಾರ ಎಣಿಸುತ್ತಿತ್ತೇ?

ನಾನು: ಅತ್ತೆ, ಇದನ್ನೇ ನೀವು ಅಲ್ಲಿ ಎದ್ದುನಿಂತು ಕೇಳಬೇಕು. ಅಂದು ಹತ್ತು ವರ್ಷದವರಾಗಿದ್ದವರಿಗೂ ಈಗ ನೂರು ಸಮೀಪಿಸುತ್ತಿದೆ. ಉಳಿದಿರುವುದು ಅವರ ಮಕ್ಕಳು ಕೇಳಿಸಿಕೊಂಡ ಮಾತು. ಯಾವ ಊರಿನ ಯಾರು, ಯಾರ ಬಾಯಿಂದ ಕೇಳಿದ್ದು ಎಂಬುದನ್ನು ಗ್ರಂಥಪಾಲಕರು ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಸಂಶೋಧನೆ ಮಾಡುವವರು ಅದನ್ನು ವಿಚಾರಣೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡಬಹುದು. ನಮ್ಮ ತಾಲ್ಲೂಕಿನ ಶಾಸನಗಳನ್ನು ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಸಾಹೇಬರು 1905ರಲ್ಲಿಯೇ, ಆಗ ನಮ್ಮ ತಾಲ್ಲೂಕು ಸೇರಿದ್ದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಕಲ್ಲಿಗೆ ಸಿಕ್ಕ ಆ ಭಾಗ್ಯ ನಮ್ಮ ಅಜ್ಜಂದಿರ ಮಾತಿಗೆ ಇನ್ನೂ ಸಿಕ್ಕಿಲ್ಲ.

ದೊಡ್ಡಪ್ಪ: ಆ ಪುಸ್ತಕವನ್ನು ಕಾಪಾಡುವವರು ಯಾರು? 2019ರಲ್ಲಿ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮುಂದಿನ ಸಲ ಸುಣ್ಣ ಬಳಿಯುವಾಗ ಅದು ರದ್ದಿಗೆ ಹೋದೀತು.

ನಾನು: ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಉಪಕರವನ್ನು ನಾವೂ ಕಟ್ಟುತ್ತೇವೆ, ಎರಡು ಪ್ರತಿ ಮಾಡಿಸಿ ಎಂದು ಕೇಳುವ ಹಕ್ಕು ನಮಗಿದೆ.

ದೊಡ್ಡಪ್ಪ: ಹಾಗಾದರೆ ಸಂಜೆ ಐದಕ್ಕೆ ಇಡಲಿ, ಮೈಕು ಬೇಡ. ಆಹ್ವಾನ ಪತ್ರಿಕೆಯಲ್ಲಿ ಬರೀ 32 ಎಂದು ಅಚ್ಚಾಗಿದೆ, ಅದರ ಪಕ್ಕದಲ್ಲಿ 10 ಎಂಬ ಸರ್ಕಾರಿ ಲೆಕ್ಕವನ್ನೂ ಹಾಕಿಸು.

ಅತ್ತೆ: ಆ 10ನ್ನು ಅಚ್ಚು ಹಾಕಿಸಿದರೆ ನಾನು ಬರುವುದಿಲ್ಲ. ಬೇಕಾದರೆ ಉಪನ್ಯಾಸಕರು ಬಾಯಲ್ಲಿ ಹೇಳಲಿ, ಉತ್ತರ ಕೊಡಲು ಮುಂದಿನ ಸಾಲಿನಲ್ಲಿಯೇ ಕೂತಿರುತ್ತೇನೆ.