ಪದಚರ್ಚೆ: ‘ಎದಿ ಹಾರ್ತದ’ ಅಂದರೆ ಹೆದರಿಕೆಯೋ, ಗುಳಿಗೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಔಷಧದ ಅಂಗಡಿ ನಡೆಸುತ್ತೇನೆ. ಖಿನ್ನತೆಯ ಗುಳಿಗೆಗಳಿಂದ ಕೆಲವರಿಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಅದನ್ನು ಗುರುತಿಸುವುದು ಹೇಗೆಂದು ಹೇಳುವ ಒಂದು ಹಾಳೆ ಬರೆಯಲು ಕೂತಿದ್ದೇನೆ. ಔಷಧದ ವಿಷಯವನ್ನು ನಮ್ಮೂರಿನ ವೈದ್ಯರೊಬ್ಬರು ನೋಡಿಕೊಡುತ್ತಾರೆ. ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲ ತೊಡಕು ಪಾಲ್ಪಿಟೇಶನ್, ಅಂದರೆ ಎದೆಬಡಿತ ಜೋರಾಗಿ ಅಥವಾ ತಪ್ಪಿ ಬಡಿದದ್ದು ನಮಗೇ ಗೊತ್ತಾಗುವುದು. ‘ಹೃದಯಸ್ಪಂದನ’ ಎಂದು ಬರೆದರೆ ಅದು ಬದುಕಿರುವ ಎಲ್ಲರಿಗೂ ಇದ್ದೇ ಇರುತ್ತದೆ. ನಮ್ಮ ಕಡೆಯ ಮಾತು ‘ಎದಿ ಹಾರ್ತದ’, ‘ಎದಿ ಡವಡವ ಅಂತದ’. ಇವು ಎಲ್ಲರಿಗೂ ತಿಳಿಯುತ್ತವೆ, ಆದರೆ ಅಂಜಿಕೆಗೂ ಇವೇ ಮಾತು. ಎದೆಗಾರ, ಎದೆಗುಂದು, ಎದೆ ಝಲ್ಲೆನ್ನು, ಎಲ್ಲದರಲ್ಲೂ ಎದೆಯೆಂದರೆ ಧೈರ್ಯ, ಮನಸ್ಸು. ಗಡಿಯಾಚೆ ತೆಲುಗಿನವರು ‘ಗುಂಡೆ ದಡ’ ಅನ್ನುತ್ತಾರೆ. ಅಲ್ಲಿಯೂ ‘ದಡ’ಕ್ಕೆ ಭಯದ ನಂಟಿದೆ. ಬೇರೆ ರೋಗಕ್ಕಾದರೆ ಇದು ಅಡ್ಡಿಯಾಗುತ್ತಿರಲಿಲ್ಲ. ಇಲ್ಲಿ ಗುಳಿಗೆ ಕೊಡುವುದೇ ಮನಸ್ಸಿನ ಬಾಧೆಗೆ. ‘ಎದಿ ಹಾರ್ತದ’ ಅಂದಾಗ ಹಳೇ ಕಳವಳವೇ ಇನ್ನೂ ಹೋಗಿಲ್ಲ ಅಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ.

ಹೋದ ವರ್ಷ ಅರವತ್ತು ದಾಟಿದ ಒಬ್ಬ ತಾಯಿ ಅಂಗಡಿಗೆ ಬಂದರು. ಸೆರಗಿನ ಗಂಟಿನಿಂದ ಗುಳಿಗೆಯ ಪಟ್ಟಿ ಬಿಚ್ಚಿ ಮುಂದಿಟ್ಟರು. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್. ‘ತಮ್ಮಾ, ಇದು ತಗಂಡಾಗಿಂದ ಎದಿ ಹಾರ್ತದ. ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದ’ ಅಂದರು. ‘ಏನರ ಹೆದರಿಕಿ ಆದಾಗ ಹಾರ್ತದೇನವ್ವಾ?’ ಅಂತ ಕೇಳಿದೆ. ‘ಹೆದರಿಕಿ ಯಾತರದು? ರೊಟ್ಟಿ ಬಡಿಯಾಕ ಕುಂತಿರ್ತೀನಿ, ಒಮ್ಮಿಗೇ ಎದ್ಯಾಗ ಮೀನ ಒದ್ದಾಡಿದಂಗ ಆಗ್ತದ’ ಅಂದರು. ಅಂಗೈಯನ್ನು ಎದೆಯ ಮುಂದೆ ಹಿಡಿದು, ಮೀನು ಮಗ್ಗುಲಾದ ಹಾಗೆ ಪಟಕ್ಕನೆ ಹೊರಳಿಸಿ ತೋರಿಸಿದರು. ಆ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತೇ ಅವರನ್ನು ವೈದ್ಯರ ಹತ್ತಿರ ಕಳಿಸಿದೆ. ವೈದ್ಯರು ಇಸಿಜಿ (ಹೃದಯದ ಬಡಿತವನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ತೆಗೆಸಿ ಗುಳಿಗೆ ಬದಲಿಸಿದರು.

ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಇವೆಲ್ಲ 1950-60ರ ದಶಕದಲ್ಲಿ ಬಂದ ಹಳೆಯ ಗುಂಪಿನವು. ನಾವು ಎದ್ದು ನಿಂತಾಗ ರಕ್ತನಾಳಗಳು ಬಿಗಿದು ಒತ್ತಡವನ್ನು ಹಿಡಿದಿಡಬೇಕು. ಈ ಗುಳಿಗೆಗಳು ಆ ಬಿಗಿತವನ್ನು ಸಡಿಲಿಸುತ್ತವೆ, ಬಡಿತವನ್ನೂ ಏರಿಸುತ್ತವೆ. ಹಾಗಾಗಿ ಆ ತಾಯಿ ಹೇಳಿದ ‘ಕಣ್ಣಿಗೆ ಕತ್ತಲೆ ಬರುವುದು’ ಹಾಳೆಗೆ ಹಾಗೇ ಹೋಗುತ್ತದೆ. ‘ಭಂಗಿ ಸಂಬಂಧಿತ ಅಲ್ಪರಕ್ತದೊತ್ತಡ’ ಎಂದು ಬರೆದು ಯಾರಿಗೆ ಹೇಳಲಿ? ಬಡಿತ ಹೆಚ್ಚಾಗುವುದಕ್ಕೆ ‘ಸುಮ್ಮನೆ ಕೂತಾಗಲೂ ಎದೆ ಹಾರುವುದು’ ಎಂದು ಇಟ್ಟಿದ್ದೇನೆ. ‘ಸುಮ್ಮನೆ ಕೂತಾಗಲೂ’ ಅಂದರೆ ಅಂಜಿಕೆ ಬೇರೆಯಾಗುತ್ತದೆ ಎಂದು ನನ್ನ ಅಂದಾಜು. ಮೀನು ಒದ್ದಾಡಿದ ಹಾಗಾಗುವುದಕ್ಕೆ ‘ಬಡಿತ ತಾಳ ತಪ್ಪುವುದು’. ಭಜನೆಗೆ ಕೂತವರಿಗೆಲ್ಲ ತಾಳ ತಪ್ಪುವುದು ಗೊತ್ತು.

ನಿಜವಾದ ಕಷ್ಟ ಕ್ಯೂಟಿ ಅಂತರದ್ದು. ಇಸಿಜಿ ಗೆರೆಯಲ್ಲಿ ಕ್ಯೂ ಅಲೆ ಶುರುವಾದಲ್ಲಿಂದ ಟಿ ಅಲೆ ಮುಗಿಯುವವರೆಗಿನ ಹೊತ್ತು ಅದು. ಹೃದಯದ ಕೆಳಗಿನ ಕೋಣೆಗಳು ಒಂದು ಬಡಿತ ಬಡಿದು, ಮುಂದಿನದಕ್ಕೆ ಅಣಿಯಾಗಲು ಅಷ್ಟು ಹೊತ್ತು ಬೇಕು. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ ಅದು 500 ಮಿಲಿಸೆಕೆಂಡ್ ದಾಟಿದರೆ ಅಪಾಯ: ಬಡಿತ ಕೆಟ್ಟು ಎಚ್ಚರ ತಪ್ಪಬಹುದು, ಅಪರೂಪಕ್ಕೆ ಜೀವವೂ ಹೋಗಬಹುದು. ಸಿಟಲೊಪ್ರಾಮ್ ಎಂಬ ಖಿನ್ನತೆಯ ಗುಳಿಗೆಯ ಪ್ರಮಾಣ ಹೆಚ್ಚಿದಷ್ಟೂ ಈ ಅಂತರ ಹೆಚ್ಚುತ್ತದೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಕರು 2011-12ರಲ್ಲಿ ದಿನಕ್ಕೆ 40 ಮಿಲಿಗ್ರಾಂ, ಅರವತ್ತು ದಾಟಿದವರಿಗೆ 20 ಮಿಲಿಗ್ರಾಂ ಮೀರಬಾರದು ಎಂದರು. ನಮ್ಮ ಬಿಸಿಲಿನ ಊರಲ್ಲಿ ವಾಂತಿ-ಭೇದಿಯಾಗಿ ಮೈಯಲ್ಲಿ ಪೊಟ್ಯಾಸಿಯಂ ಇಳಿದಾಗ ಅಪಾಯ ಇನ್ನೂ ಹೆಚ್ಚು.

ಈ ಅಂತರ ಹೆಚ್ಚುವುದನ್ನು ನಾನು ಮೊದಲು ‘ಕ್ಯೂಟಿ ಹಿಗ್ಗುವುದು’ ಎಂದು ಬರೆದೆ. ಓದಿದ ನನ್ನ ತಂಗಿ, ‘ಅಣ್ಣಾ, ಖಿನ್ನತೆಯ ಗುಳಿಗೆಯಿಂದ ಹಿಗ್ಗಿದರೆ ಒಳ್ಳೆಯದೇ ಅಲ್ಲವಾ?’ ಅಂದಳು. ಅವಳು ಹೇಳಿದ್ದು ಸರಿ, ಹಿಗ್ಗು ಅಂದರೆ ಸಂತೋಷವೂ ಹೌದು. ‘ಲಂಬನ’ ಎಂದು ಬರೆದರೆ ಅದು ವಿಳಂಬವೋ ಲಂಬವೋ ತಿಳಿಯದು. ಈಗ ‘ಹೃದಯ ಸುಧಾರಿಸಿಕೊಳ್ಳುವ ಹೊತ್ತು ಉದ್ದವಾಗುವುದು’ ಎಂದು ಇಟ್ಟಿದ್ದೇನೆ. ಚೀಲ ಹೊತ್ತು ಬಂದವರಿಗೆ ‘ಒಂದೀಟು ಸುಧಾರಿಸ್ಕೋ’ ಅನ್ನುತ್ತೇವಲ್ಲ, ಆ ಸುಧಾರಿಸು. ರೋಗ ವಾಸಿಯಾಗುವುದಕ್ಕೂ ‘ಸುಧಾರಿಸು’ ಬರುತ್ತದೆ, ಅದೊಂದು ಅಳುಕಿದೆ. ಇದಕ್ಕಿಂತ ಬಿಗಿಯಾದ ಪದ ಇದ್ದರೆ ಕೊಡಿ.

ಸೈಡ್ ಎಫೆಕ್ಟ್‌ಗೆ ‘ಅಡ್ಡಪರಿಣಾಮ’ ಸಾಕು, ಪತ್ರಿಕೆಗಳಲ್ಲಿ ರೂಢಿಯಾಗಿದೆ. ‘ದುಷ್ಪರಿಣಾಮ’ ಬೇಡವೇ ಬೇಡ. ಆ ‘ದುಷ್’ ಕಂಡ ಕೂಡಲೇ ಗುಳಿಗೆ ಬಿಟ್ಟುಬಿಡುತ್ತಾರೆ. ವೈದ್ಯರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ತಲೆ ತಿರುಗುವುದು, ನಿದ್ದೆಗೆಡುವುದು, ಹೋದ ಬೇಸರ ಮರಳಿ ಬರುವುದು, ಇದೆಲ್ಲ ಇದೆ. ಹೆಚ್ಚಿನವರಿಗೆ ಈ ಗುಳಿಗೆಗಳು ಹೃದಯಕ್ಕೆ ತೊಂದರೆ ಕೊಡುವುದಿಲ್ಲ. ಹೃದಯಾಘಾತವಾದವರಿಗೂ ಸರ್ಟ್ರಲಿನ್ ಎಂಬ ಖಿನ್ನತೆಯ ಗುಳಿಗೆ ಕೊಡುವುದುಂಟು. ಹಾಳೆ ಓದಿದವರು ವೈದ್ಯರ ಹತ್ತಿರ ಹೋಗಬೇಕು, ಗುಳಿಗೆಯನ್ನು ಚೆಲ್ಲಬಾರದು.

ಬಳ್ಳಾರಿ, ಕೊಪ್ಪಳದ ಕಡೆಯವರಲ್ಲಿ ಒಂದು ಕೇಳಿಕೆ. ಬಡಿತ ತಪ್ಪಿದ ಹಾಗಾದಾಗ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಅಂಜಿಕೆಗೆ ಬಳಸದೆ ಬರೀ ಬಡಿತಕ್ಕೇ ಹೇಳುವ ಮಾತು ಇದೆಯೇ? ಇದ್ದರೆ ಅವರು ಆಡಿದ ಹಾಗೆಯೇ, ತಿದ್ದದೆ, ಬರೆದು ಕಳಿಸಿ.