ಕೂಸಿನ ಕಣ್ಣಿನ ದೆವ್ವದ ಕಿರುಚಿತ್ರ: ಹಳೇ ವಾಡೇದಾಗ ಅಂಜಿಕಿ ಹ್ಯಾಂಗ ತರೋದು?

ವಾಡೇದ_ಬಾಗಿಲ:
ಚಿತ್ತಾಪುರ ಕಡೆ ಒಂದು ಹಳೇ ವಾಡೇದಾಗ ಕಿರುಚಿತ್ರ ಮಾಡೋದದ. ಆರು ವರ್ಷದ ಹುಡುಗಿ. ಅಂಗಳದಾಗ ಮುಚ್ಚಿದ ಹಗೇವು (ಕಾಳು ತುಂಬಿಡೋ ನೆಲದಾಗಿನ ಗುಂಡಿ), ಅದರಾಗ ಗುಮ್ಮ ಅದಾನಂತ ಆಕಿ ನಂಬ್ಯಾಳ. ರಕ್ತ, ಚೀರಾಟ, ಧಡಕ್ಕನ ಬರೋ ಮುಖ ಏನೂ ಬ್ಯಾಡ. ಮಿರರ್‌ಲೆಸ್ ಕ್ಯಾಮೆರಾ, 35 ಎಂಎಂ ಲೆನ್ಸ್, ಎರಡು ಎಲ್‌ಇಡಿ ಪ್ಯಾನೆಲ್, ಒಂದು ರೆಕಾರ್ಡರ್ ಅವ. ಟೆಸ್ಟ್ ಶಾಟ್‌ನಾಗ ಬರೀ ಕತ್ತಲ ಕಾಣ್ತದ, ಅಂಜಿಕಿ ಬರವಲ್ದು. ಏನು ಬದಲಿ ಮಾಡಬೇಕ್ರಿ?

ಫರಸಿಕಲ್ಲು:
ಮೊದಲ ಕ್ಯಾಮೆರಾ ಕೆಳಗ ಇಳಸ್ರಿ. ಆರು ವರ್ಷದ ಕೂಸಿನ ಕಣ್ಣು ನೆಲದಿಂದ ಸುಮಾರು ಮೂರೂವರಿ ಫೂಟ್ ಮ್ಯಾಲಿರ್ತದ. ಲೆನ್ಸ್ ಅಲ್ಲೇ ಸಮಾ ಇಡ್ರಿ, ಮ್ಯಾಲಕ್ಕ ಎತ್ತಬ್ಯಾಡ್ರಿ. ದೊಡ್ಡೋರು ಹತ್ತಿರ ಬಂದ್ರ ತಲಿ ಫ್ರೇಮಿನ ಹೊರಗ ಹೋಗ್ತದ, ಹೋಗ್ಲಿ ಬಿಡ್ರಿ. ಅವ್ವನ ಸೀರಿ ನೆರಗಿ, ಮುತ್ಯಾನ ಕೈಯಾಗಿನ ಕೀಲಿ ಕಂಡ್ರ ಸಾಕು. ದೊಡ್ಡೋರ ಮಾತು ಬಾಜೂ ಖೋಲಿಯಿಂದ ಅರ್ಧಾ ಕೇಳಬೇಕು, ಅರ್ಧಾ ಕೇಳಬಾರದು.

ಪೂರಾ ಕತ್ತಲದಾಗ ಅಂಜಿಕಿ ಇಲ್ಲ, ಯಾಕಂದ್ರ ಕಣ್ಣಿಗಿ ಹುಡುಕಾಕ ಏನೂ ಇರಂಗಿಲ್ಲ. ಎರಡು ಬಾಗಿಲ ಆಚೆ ಗ್ವಾಡಿ ಮ್ಯಾಲ ಒಂದು ಮಂದ ಬೆಳಕು ಇಡ್ರಿ. ಶೂಟ್ ಮಾಡೋವಾಗ ಒಂದು ಸ್ಟಾಪ್ (ಅಂದ್ರ ಬೆಳಕು ಅರ್ಧಾ) ಅಷ್ಟೇ ಕಡಿಮಿ ಇಟ್ಟು, ಉಳಿದದ್ದು ಎಡಿಟಿಂಗ್‌ನಾಗ ಇಳಸ್ರಿ. ಮೊದಲೇ ಭಾಳ ಕತ್ತಲ ಹಿಡದ್ರ, ಯೂಟ್ಯೂಬಿಗಿ ಹಾಕಿದ ಮ್ಯಾಲ ಕರೀ ಭಾಗ ಚೌಕ ಚೌಕ ಒಡೀತದ.

ಇನ್ನ ಖರೇ ಮಾತು. ಗುಮ್ಮ ಬರೋ ಶಾಟಿಗಿ ಬ್ಯಾರೆ ಬಣ್ಣ, ಹೊಗಿ, ಮಸುಕು ಹಾಕಬ್ಯಾಡ್ರಿ. ಕೂಸಿಗಿ ಗುಮ್ಮನೂ ಖರೆ, ಹಿತ್ತಲದ ಬೇವಿನ ಗಿಡಾನೂ ಖರೆ. ಲೆನ್ಸೂ ಬೆಳಕೂ ಒಂದೇ ಇರಬೇಕು. ಸ್ಪೇನಿನ ನಿರ್ದೇಶಕ ವಿಕ್ಟರ್ ಎರಿಸೆಯ 1973ರ ‘ದಿ ಸ್ಪಿರಿಟ್ ಆಫ್ ದಿ ಬೀಹೈವ್’ ನೋಡ್ರಿ: ನೀರ ದಂಡ್ಯಾಗ ಹುಡುಗಿ ಬಾಜೂ ಬರೋ ದೈತ್ಯ ಕನಸೋ ಖರೆಯೋ ಅಂತ ಚಿತ್ರ ಹೇಳೋದೇ ಇಲ್ಲ. ಕಡೀಕ ‘ಹುಡುಗಿ ಎಚ್ಚರಾದ್ಳು’ ಅನ್ನೋ ಶಾಟ್ ಹಾಕಿದ್ರೋ, ಮುಗೀತು.

ಬೀದರ_ಬುರುಜು:
ದನಿ ಬಗ್ಗಿ ಯಾರೂ ಹೇಳಲಿಲ್ಲ. ಶಹಾಬಾದ ಫರಸಿ, ಕಲ್ಲ ಗ್ವಾಡಿ ಇದ್ದಲ್ಲಿ ಮಾತು ಗುಂಯ್ ಅಂತದ. ಫ್ರೇಮಿನ ಹೊರಗ ಕೌದಿ, ಜಮಖಾನಿ ಹಾಸ್ರಿ. ಪ್ರತಿ ಖೋಲಿದಾಗ, ಎಲ್ಲರೂ ಸುಮ್ಮನ ನಿಂತು, ಒಂದು ನಿಮಿಷ ಖಾಲಿ ದನಿ ರೆಕಾರ್ಡ್ ಮಾಡ್ರಿ. ಅದಿಲ್ಲಂದ್ರ ಕಟ್ ಆದಲ್ಲೆಲ್ಲ ದನಿ ಕಡದಂಗ ಆಗ್ತದ. ಫ್ಯಾನ್ ಬಂದ್ ಮಾಡಬೇಕಾಗ್ತದ, ಹಂಗಾಗಿ ನಮ್ಮ ಕಡೆ ಬ್ಯಾಸಗಿದಾಗ ಒಳಗ ಶೂಟಿಂಗ್ ಇಡಬ್ಯಾಡ್ರಿ, ಕೂಸು ಬಳಲ್ತದ.

ಹಗೇವು ಖರೇದಾಗಿದ್ರ ಹುಷಾರ್. ಮುಚ್ಚಿದ ಹಗೇವಿನಾಗ ಕಾಳು ಉಸಿರಾಡಿ ಆಮ್ಲಜನಕ ಕಡಿಮಿ ಆಗಿ, ಇಂಗಾಲದ ಡೈಆಕ್ಸೈಡ್ ತುಂಬಿರ್ತದ. ಇಳಿದೋರು ಅಲ್ಲೇ ಎಚ್ಚರ ತಪ್ಪತಾರ, ಎತ್ತಾಕ ಹೋದೋರೂ ಬೀಳ್ತಾರ. ಯಾರೂ ಇಳಿಬ್ಯಾಡ್ರಿ. ಒಳಗಿನ ದನಿ ಬೇಕಂದ್ರ ಮೈಕ್ ಹಗ್ಗಕ್ಕ ಕಟ್ಟಿ ಬಿಡ್ರಿ. ಹುಡುಗಿ ಶಾಟಿಗಿ ಬ್ಯಾರೆ ಕಡೆ ಸುಳ್ಳ ಮುಚ್ಚಳ ಮಾಡ್ರಿ.

ಕಾಗದಪತ್ರ:
ಅಣ್ಣಾರು ಹೇಳಿದ್ದು ಸರಿ. ಹುಡುಗಿಯ ವಿಷಯದಲ್ಲಿ ಕಾನೂನೂ ಇದೆ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚಿಲ್ಲ, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿಗೆ ಹೋಗಬೇಕು.

ಮಗುವನ್ನು ನಿಜವಾಗಿ ಹೆದರಿಸಬೇಡಿ. ಮರುದಿನ ಅದು ಸೆಟ್ಟಿಗೇ ಬರುವುದಿಲ್ಲ. ‘ಹೆದರಿಕೊ’ ಎನ್ನುವ ಬದಲು ‘ಮುಚ್ಚಳದ ಮೇಲೆ ಎಷ್ಟು ಗೆರೆ ಇವೆ, ಬಾಯಿ ಬಿಡದೆ ಎಣಿಸು’ ಎನ್ನಿ. ಎಣಿಸುವ ಮುಖ ತೆರೆಯ ಮೇಲೆ ಹೆದರಿದ ಮುಖವಾಗಿಯೇ ಕಾಣುತ್ತದೆ. ಪಾತ್ರಕ್ಕೆ ಅವಳದೇ ಹೆಸರಿಡಿ. ಎರಿಸೆ ಕೂಡ ಅದೇ ಮಾಡಿದ್ದು, ಅವನ ಚಿತ್ರದ ಬಾಲನಟಿ ಅನಾಗೆ ಎರಡು ಹೆಸರು ಗೊಂದಲವಾಗುತ್ತಿತ್ತು.

ವಾಡೇದ_ಬಾಗಿಲ:
ಭಾಳ ಛಲೋ ಆತ್ರಿ. ಕಂದೀಲು ಹಚ್ಚಿದ ಸೀನ್ ಅದ, ಹುಡುಗಿ ಕೈಯಾಗ. ಬಲ್ಬ್ ಬೆಳಕಿನ ಶಾಟಿನಾಗ ಪಟ್ಟಿ ಪಟ್ಟಿ ಓಡ್ತಾವ, ಅದಕ್ಕೇನು?

ಫರಸಿಕಲ್ಲು:
ಕೂಸಿನ ಕೈಯಾಗ ಖರೇ ಉರಿ ಬ್ಯಾಡ. ಕಂದೀಲಿನ ಗಾಜಿನೊಳಗ ಸಣ್ಣ ಬ್ಯಾಟರಿ ಬಲ್ಬ್, ಅದಕ್ಕ ಕಿತ್ತಳಿ ಜೆಲ್ (ಬಣ್ಣದ ತೆಳು ಹಾಳಿ). ವೈಟ್ ಬ್ಯಾಲೆನ್ಸ್ (ಬಣ್ಣ ಸರಿಮಾಡೋ ಸೆಟ್ಟಿಂಗ್) ಆಟೋ ಬಿಟ್ಟು 3200 ಕೆಲ್ವಿನ್‌ಗ ಕಟ್ಟ್ರಿ. ಪಟ್ಟಿ ಓಡೋದು ನಮ್ಮ 50 ಹರ್ಟ್ಸ್ ಕರೆಂಟಿಂದ. ಸೆಕೆಂಡಿಗಿ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡ್ರಿ. ಅಷ್ಟಾದ್ರೂ ಓಡಿದ್ರ ಸಸ್ತಾ ಬಲ್ಬ್ ಇಲ್ಲಾ ಇನ್ವರ್ಟರ್‌ದು ದೋಷ, ಬಲ್ಬ್ ಬದಲಿಸಿ ನೋಡ್ರಿ.